ಗೆರೆ ಎಳೆಯುವ ಮೊದಲು ಚುಕ್ಕಿಗಳನ್ನು ತೋರಿಸಿ

ಮಾನ್ಯ ಸಂಪಾದಕರೇ,

ಕೆಲವು ದಿನಗಳ ಹಿಂದೆ ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಕೊಡಗಿನ ಮಳೆ ಮತ್ತು ಕಾಫಿ ಫಸಲಿನ ಬಗ್ಗೆ ಬರಹವೊಂದು ಪ್ರಕಟವಾಗಿತ್ತು. ಅದರ ಜೊತೆಗಿದ್ದ ಚಿತ್ರದಲ್ಲಿ ವರ್ಷಗಳನ್ನು ಅಡ್ಡಕ್ಕೆ ಜೋಡಿಸಿ, ಮಳೆಯನ್ನು ನೀಲಿ ಗೆರೆಯಾಗಿಯೂ ಫಸಲನ್ನು ಕಂದು ಗೆರೆಯಾಗಿಯೂ ಬಿಡಿಸಿ, ಎಡಗಡೆ ಮಿಲಿಮೀಟರುಗಳ ಅಳತೆಯನ್ನು, ಬಲಗಡೆ ಟನ್ನುಗಳ ಅಳತೆಯನ್ನು ಕೊಡಲಾಗಿತ್ತು. ಎರಡು ಗೆರೆಗಳು ಅಲ್ಲಲ್ಲಿ ಒಂದನ್ನೊಂದು ದಾಟಿದ್ದನ್ನು ಆಧಾರವಾಗಿಟ್ಟುಕೊಂಡು, ಮಳೆ ಹೆಚ್ಚಾದ ವರ್ಷ ಫಸಲು ಕುಸಿಯುತ್ತದೆ ಎಂದು ಬರೆಯಲಾಗಿತ್ತು. ಆ ಮಾತು ಸರಿಯಿರಲೂಬಹುದು. ಆದರೆ ಸರಿಯೋ ತಪ್ಪೋ ಎಂದು ಓದುಗರು ತಾವೇ ನೋಡಿ ತಿಳಿಯಲು ಆ ಚಿತ್ರದಲ್ಲಿ ದಾರಿಯೇ ಇರಲಿಲ್ಲ ಎಂಬುದು ನನ್ನ ದೂರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಸೋಮವಾರಪೇಟೆ ತಾಲ್ಲೂಕಿನಲ್ಲಿ ಸಣ್ಣದೊಂದು ಕಾಫಿ ತೋಟವೂ ಇದೆ. ಎರಡೂ ಕಡೆಯ ಅಭ್ಯಾಸ ಸೇರಿ ಈ ಪತ್ರ ಸ್ವಲ್ಪ ಉದ್ದವಾಗುವುದನ್ನು ತಾವು ಮನ್ನಿಸಬೇಕು.

ಎಡಕ್ಕೊಂದು ಬಲಕ್ಕೊಂದು ಅಳತೆಗೋಲು ಇರುವ ಚಿತ್ರದ ತೊಡಕು ಇಷ್ಟೇ: ಎರಡೂ ಅಳತೆಗಳ ಆರಂಭವನ್ನೂ ಅಂತರವನ್ನೂ ಬಿಡಿಸುವವರು ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಬಲಗಡೆಯ ಅಳತೆಯನ್ನು ಸೊನ್ನೆಯಿಂದ ಶುರುಮಾಡಿದರೆ ಫಸಲಿನ ಗೆರೆ ಚಪ್ಪಟೆಯಾಗಿ ಮಲಗುತ್ತದೆ. ಮೇಲಿನಿಂದ ಶುರುಮಾಡಿದರೆ ಅದೇ ಗೆರೆ ತಡಿಯಂಡಮೋಳ್ ಬೆಟ್ಟದಂತೆ ಎದ್ದು ನಿಲ್ಲುತ್ತದೆ. ಗೆರೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ದಾಟುತ್ತವೆ ಎಂಬುದು ಅಳತೆಗೋಲಿನ ಆಯ್ಕೆಯಿಂದ ಹುಟ್ಟುವ ಸಂಗತಿಯೇ ಹೊರತು ಮಳೆಗೂ ಕಾಫಿಗೂ ಸಂಬಂಧಪಟ್ಟದ್ದಲ್ಲ. ಜೊತೆಗೆ, ವರ್ಷಗಳು ಉರುಳಿದಂತೆ ತಾನಾಗಿ ಏರುವ ಯಾವ ಎರಡು ವಿಷಯಗಳನ್ನು ಹೀಗೆ ಒಟ್ಟಿಗೆ ಬಿಡಿಸಿದರೂ ಅವು ಕೈ ಹಿಡಿದು ನಡೆಯುವಂತೆ ಕಾಣುತ್ತವೆ. ನಮ್ಮ ಜಿಲ್ಲೆಯ ಹೋಂಸ್ಟೇಗಳ ಸಂಖ್ಯೆಯನ್ನೂ ಹೋಟೆಲಿನ ಒಂದು ಲೋಟ ಕಾಫಿಯ ಬೆಲೆಯನ್ನೂ ಇಪ್ಪತ್ತು ವರ್ಷಗಳಿಗೆ ಬಿಡಿಸಿ ನೋಡಿದರೆ ಒಂದರ ನೆರಳು ಇನ್ನೊಂದು ಎನ್ನಬೇಕು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ ಇಂಥವನ್ನು 1926ರಲ್ಲೇ ಅರ್ಥವಿಲ್ಲದ ಸಹಸಂಬಂಧಗಳು ಎಂದು ಕರೆದು, ಕಾಲದೊಂದಿಗೆ ಸಾಗುವ ಅಂಕಿಗಳಲ್ಲಿ ಅವು ಏಕೆ ಅಷ್ಟು ಸುಲಭವಾಗಿ ಹುಟ್ಟುತ್ತವೆ ಎಂದು ವಿವರಿಸಿದ್ದರು.

ಎರಡು ಅಳತೆಗಳ ನಡುವೆ ಸಂಬಂಧವಿದೆಯೇ ಎಂದು ಕೇಳುವಾಗ ಬಿಡಿಸಬೇಕಾದದ್ದು ಸ್ಕ್ಯಾಟರ್ ಪ್ಲಾಟ್. ಈ ಪತ್ರದ ಮಟ್ಟಿಗೆ ಅದನ್ನು ಚುಕ್ಕಿ ಚಿತ್ರ ಎನ್ನುತ್ತೇನೆ. ಅಡ್ಡ ಅಕ್ಷದಲ್ಲಿ ಮಳೆ, ಲಂಬ ಅಕ್ಷದಲ್ಲಿ ಫಸಲು. ಒಂದು ವರ್ಷಕ್ಕೆ ಒಂದೇ ಚುಕ್ಕಿ. ಕಾಲಕ್ಕೆ ಅಲ್ಲಿ ಜಾಗವಿಲ್ಲ, ಚುಕ್ಕಿಯಿಂದ ಚುಕ್ಕಿಗೆ ಗೆರೆಯೂ ಇಲ್ಲ. ಮಳೆ ಹೆಚ್ಚಿದಂತೆ ಫಸಲು ಇಳಿಯುವುದು ನಿಜವಾದರೆ ಚುಕ್ಕಿಗಳ ಗುಂಪು ಎಡಮೇಲಿನಿಂದ ಬಲಗೆಳಕ್ಕೆ ಇಳಿಜಾರಾಗಿ ಕಾಣಬೇಕು. ಎರಡೂ ಕೂಡಿ ಏರುವುದಾದರೆ ಎಡಗೆಳಗಿನಿಂದ ಬಲಮೇಲಕ್ಕೆ ಹತ್ತಬೇಕು. ಕಣದಲ್ಲಿ ಹರಡಿದ ಕಾಫಿಯಂತೆ ದಿಕ್ಕಿಲ್ಲದೆ ಹರಡಿದ್ದರೆ ಸಂಬಂಧವಿಲ್ಲ, ಅಥವಾ ನಾವು ಹುಡುಕುತ್ತಿರುವ ಬಗೆಯ ಸಂಬಂಧವಿಲ್ಲ. ಇಳಿಜಾರು ಇದ್ದರೂ ಚುಕ್ಕಿಗಳು ಒತ್ತೊತ್ತಾಗಿ ಸಾಲು ಹಿಡಿದಿವೆಯೋ, ಅಗಲವಾಗಿ ಚೆದುರಿವೆಯೋ ಎಂಬುದರಿಂದ ಸಂಬಂಧ ಎಷ್ಟು ಬಿಗಿ ಎಂದು ಅಂದಾಜಾಗುತ್ತದೆ.

ಇದನ್ನು ಬಿಡಿಸಲು ಕಂಪ್ಯೂಟರ್ ಬೇಕಿಲ್ಲ. ಕೊಡಗಿನ ಬಹಳಷ್ಟು ತೋಟಗಳ ಜಗಲಿಯಲ್ಲಿ ಮಳೆಮಾಪಕದ ಪುಸ್ತಕ ಇಂದಿಗೂ ಇದೆ. ಅಜ್ಜನ ಕಾಲದಿಂದ ಇಂಚು, ಸೆಂಟುಗಳಲ್ಲಿ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಬರೆದಿಟ್ಟ ಪುಸ್ತಕಗಳೂ ಉಂಟು. ಫಸಲಿನ ಚೀಲಗಳ ಲೆಕ್ಕವಂತೂ ಯಾರೂ ಮರೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಗ್ರಾಫ್ ಹಾಳೆ ಸಾಕು. ಸೆಂಟುಗಳನ್ನು ಮಿಲಿಮೀಟರಿಗೆ ಬದಲಾಯಿಸಿಕೊಳ್ಳುವ ಶ್ರಮವೂ ಬೇಡ. ಒಂದು ಇಂಚಿಗೆ 25.4 ಮಿಲಿಮೀಟರ್ ಎಂಬ ಗುಣಾಕಾರದಿಂದ ಚುಕ್ಕಿಗಳ ಜೋಡಣೆ ಬದಲಾಗುವುದಿಲ್ಲ, ಅಕ್ಷದ ಮೇಲಿನ ಅಂಕಿಗಳು ಮಾತ್ರ ಬದಲಾಗುತ್ತವೆ.

ಹಾಗಿದ್ದರೂ ಚುಕ್ಕಿ ಇಡುವ ಮೊದಲು ಒಂದು ಪ್ರಶ್ನೆ ಇದೆ, ಮತ್ತು ತಮ್ಮ ಬರಹ ಎಡವಿದ್ದು ಅಲ್ಲೇ ಎಂದು ನನಗನ್ನಿಸುತ್ತದೆ. ಯಾವ ಮಳೆಗೆ ಯಾವ ಫಸಲನ್ನು ಜೊತೆ ಮಾಡಬೇಕು? ಕಾಫಿಯ ವರ್ಷ ಜನವರಿಯಲ್ಲಿ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯುವುದಿಲ್ಲ. 2023ರ ಮಾರ್ಚಿನ ಹೂಮಳೆಗೆ ಅರಳಿದ ಹೂವು ಕಾಯಿ ಕಟ್ಟಿ, ಮಳೆಗಾಲ ದಾಟಿ, ಆ ವರ್ಷದ ಕೊನೆಗೆ ಮತ್ತು 2024ರ ಆರಂಭದ ತಿಂಗಳುಗಳಲ್ಲಿ ಕೊಯ್ಲಾಗಿ, 2023-24ರ ಫಸಲು ಎಂದು ಲೆಕ್ಕಕ್ಕೆ ಸೇರುತ್ತದೆ. ಅದನ್ನು 2024ರ ಮಳೆಯ ಜೊತೆ ಕೂರಿಸಿದರೆ, ಮಳೆ ಬರುವ ಮೊದಲೇ ಮೂಟೆ ಕಟ್ಟಿದ ಕಾಫಿಗೆ ಆ ಮಳೆಯನ್ನು ಹೊಣೆ ಮಾಡಿದಂತೆ. ತಮ್ಮ ಚಿತ್ರದ ವರ್ಷಗಳ ಸಾಲಿನಲ್ಲಿ ಒಂದೊಂದೇ ಇಸವಿ ಇತ್ತು. ಫಸಲಿನ ವರ್ಷದ ಎರಡು ಇಸವಿಗಳಲ್ಲಿ ಯಾವುದನ್ನು ಹಿಡಿದಿರೆಂದು ಹೇಳಿರಲಿಲ್ಲ. ಫಸಲಿನ ಅಂಕಿಯಾದರೂ ಯಾವುದು? ಕಾಫಿ ಮಂಡಳಿ ಹೂವು ಕಳೆದ ಮೇಲೊಂದು, ಮಳೆಗಾಲ ಕಳೆದ ಮೇಲೊಂದು ಎಂದು ಅಂದಾಜುಗಳನ್ನು ಹೊರಡಿಸುತ್ತದೆ. ಅಂದಾಜನ್ನು ಒಂದು ವರ್ಷಕ್ಕೂ ಅಂತಿಮ ಲೆಕ್ಕವನ್ನು ಇನ್ನೊಂದು ವರ್ಷಕ್ಕೂ ಬಳಸಿದರೆ ಚುಕ್ಕಿಗಳು ತಮ್ಮ ಜಾಗದಲ್ಲಿ ಇರುವುದಿಲ್ಲ. ಚುಕ್ಕಿ ಚಿತ್ರ ಬಿಡಿಸಲು ಹೊರಟವರು ಪ್ರತಿ ಚುಕ್ಕಿಗೂ ಈ ಜೋಡಿಯನ್ನು ಕೂರಿಸಲೇಬೇಕಾಗುವುದರಿಂದ ಈ ಪ್ರಶ್ನೆ ಅವರ ಕೈತಪ್ಪಿ ಹೋಗುವುದಿಲ್ಲ. ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಎಳೆಯುವವರಿಗೆ ಅದು ಎದುರಾಗುವುದೇ ಇಲ್ಲ.

ಮಳೆ ಎಂದರೆ ವರ್ಷದ ಒಟ್ಟು ಮಳೆ ಎಂದು ಹಿಡಿಯುವುದೂ ಇಂಥದೇ ಇನ್ನೊಂದು ಆತುರ. ಮಡಿಕೇರಿಯಲ್ಲಿ ಸಾಮಾನ್ಯ ವರ್ಷದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರೊಬಸ್ಟಾ ಹೂವಿಗೆ ಬೇಕಾದದ್ದು ಫೆಬ್ರುವರಿ, ಮಾರ್ಚಿನಲ್ಲಿ ಸುಮಾರು ಒಂದು ಇಂಚಿನ ಒಂದೇ ಹದವಾದ ಮಳೆ, ಆಮೇಲೆ ಎರಡು ಮೂರು ವಾರ ಬಿಟ್ಟು, ಎಳೆಗಾಯಿ ನಿಲ್ಲಲು, ಬ್ಯಾಕಿಂಗ್ ಎನ್ನುವ ಇನ್ನೊಂದು ಮಳೆ. ವರ್ಷದ ಮೊತ್ತದಲ್ಲಿ ಆ ಒಂದು ಇಂಚು ನೂರರಲ್ಲಿ ಒಂದು ಪಾಲೂ ಆಗದು. ಆ ವರ್ಷದ ಫಸಲಿನ ಹಣೆಬರಹವನ್ನು ಬರೆಯುವ ಮಳೆ ಒಟ್ಟು ಮೊತ್ತದೊಳಗೆ ಹೀಗೆ ಮುಳುಗಿಹೋಗಿರುತ್ತದೆ. ಅಡ್ಡ ಅಕ್ಷದಲ್ಲಿ ವರ್ಷದ ಮಳೆಯ ಬದಲು ಹೂಮಳೆಯನ್ನು ಮಾತ್ರ ಇಟ್ಟು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ.

ಆ ಬೇರೆ ಚಿತ್ರ ಹೇಗಿರಬಹುದು ಎಂದು ತೋಟದವರಿಗೆ ಹೇಳಬೇಕಾಗಿಲ್ಲ. ಹತ್ತು ಹದಿನೈದು ಸೆಂಟು ಹನಿದು ನಿಂತರೆ ಮೊಗ್ಗು ಅರ್ಧಕ್ಕೆ ಬಾಡುತ್ತದೆ. ಇಂಚಿನ ಆಸುಪಾಸು ಬಿದ್ದರೆ ತೋಟವಿಡೀ ಬೆಳ್ಳಗಾಗುತ್ತದೆ. ಅರಳಿದ ದಿನವೇ ಜಡಿಮಳೆ ಹಿಡಿದರೆ ಪರಾಗ ತೊಳೆದುಹೋಗಿ, ಜೇನ್ನೊಣ ಹೊರಡದೆ, ಬೇರೆ ಗಿಡದ ಪರಾಗವಿಲ್ಲದೆ ಕಾಯಿ ಕಟ್ಟಲಾರದ ರೊಬಸ್ಟಾಗೆ ಪೆಟ್ಟು ಬೀಳುತ್ತದೆ. ಅಂದರೆ ಮಳೆ ಕಡಿಮೆಯಾದಾಗಲೂ ಫಸಲು ಕಡಿಮೆ, ವಿಪರೀತವಾದಾಗಲೂ ಕಡಿಮೆ, ನಡುವೆ ಹೆಚ್ಚು. ಚುಕ್ಕಿಗಳು ಕಮಾನಿನಂತೆ ಏರಿ ಇಳಿಯುತ್ತವೆ. ಸಹಸಂಬಂಧ ಗುಣಾಂಕ ಎಂದು ಪುಸ್ತಕಗಳಲ್ಲಿ ಹೇಳುವ ಅಂಕಿ, ಅಂದರೆ ಮೈನಸ್ ಒಂದರಿಂದ ಒಂದರವರೆಗೆ ಬದಲಾಗುವ, 1896ರಲ್ಲಿ ಕಾರ್ಲ್ ಪಿಯರ್ಸನ್ ಸೂತ್ರಕ್ಕೆ ಇಳಿಸಿದ ಆ ಅಳತೆ, ಇಂಥ ಕಮಾನಿಗೆ ಸೊನ್ನೆಯ ಹತ್ತಿರ ಬರಬಹುದು. ಆ ಅಂಕಿ ನೋಡುವುದು ಚುಕ್ಕಿಗಳು ನೇರ ಗೆರೆಯೊಂದಕ್ಕೆ ಎಷ್ಟು ಹತ್ತಿರವಿವೆ ಎಂಬುದನ್ನು ಮಾತ್ರ. ಅದೊಂದನ್ನೇ ನಂಬಿದವರು "ಹೂಮಳೆಗೂ ಫಸಲಿಗೂ ಸಂಬಂಧವಿಲ್ಲ" ಎಂದು ಬರೆದರೆ ನಮ್ಮೂರಿನ ಶಾಲೆಯ ಮಕ್ಕಳೂ ನಗುತ್ತಾರೆ. ಚುಕ್ಕಿಗಳನ್ನು ನೋಡಿದವರು ಹಾಗೆ ಬರೆಯಲಾರರು.

ಅಂಕಿಯೊಂದೇ ಸಾಲದು ಎಂಬುದಕ್ಕೆ ಸಂಖ್ಯಾಶಾಸ್ತ್ರಜ್ಞರೇ ಕೊಡುವ ಪ್ರಸಿದ್ಧ ಉದಾಹರಣೆ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ಪಟ್ಟಿಗಳು. ಪ್ರತಿಯೊಂದರಲ್ಲಿ ಹನ್ನೊಂದು ಜೋಡಿಗಳಿವೆ. ನಾಲ್ಕರಲ್ಲೂ ಮೊದಲ ಅಳತೆಯ ಸರಾಸರಿ 9, ಎರಡನೆಯದರ ಸರಾಸರಿ 7.5, ಗುಣಾಂಕ ಸುಮಾರು 0.82, ಚುಕ್ಕಿಗಳ ನಡುವೆ ಎಳೆದರೆ ಅವಕ್ಕೆ ಅತಿ ಚೆನ್ನಾಗಿ ಹೊಂದುವ ನೇರ ಗೆರೆಯೂ ಒಂದೇ. ಲೆಕ್ಕದ ಪ್ರಕಾರ ನಾಲ್ಕೂ ಅವಳಿಜವಳಿ. ಬಿಡಿಸಿ ನೋಡಿದರೆ ಮೊದಲನೆಯದು ಸಾಧಾರಣವಾಗಿ ಚೆದುರಿದ ಏರು. ಎರಡನೆಯದು ನಯವಾದ ಕಮಾನು. ಮೂರನೆಯದು ಹಗ್ಗ ಹಿಡಿದು ನೆಟ್ಟಂತೆ ನೇರ ಸಾಲು, ಅದರಲ್ಲಿ ಒಂದೇ ಒಂದು ಚುಕ್ಕಿ ಸಾಲು ಬಿಟ್ಟು ಮೇಲೆ ಹಾರಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿಗಳು ಒಂದರ ಮೇಲೊಂದು ಕಂಬದಂತೆ ನಿಂತಿದ್ದು, ದೂರದಲ್ಲಿರುವ ಹನ್ನೊಂದನೆಯ ಚುಕ್ಕಿಯೊಂದೇ ಇಡೀ ಸಂಬಂಧವನ್ನು ಹುಟ್ಟಿಸಿದೆ. ಅದನ್ನು ತೆಗೆದರೆ ಸಂಬಂಧವೂ ಇಲ್ಲ, ಲೆಕ್ಕ ಹಾಕಲು ಗುಣಾಂಕವೂ ಇಲ್ಲ. ಈ ನಾಲ್ಕು ಚಿತ್ರಗಳನ್ನು ನಾನು ಪಾಠದ ಹೊರಗೆ, ಶನಿವಾರದ ಕೊನೆಯ ಅವಧಿಯಲ್ಲಿ, ಕಪ್ಪು ಹಲಗೆಯ ಮೇಲೆ ಬಿಡಿಸುತ್ತಿದ್ದೆ. ಮನೆಗೆ ಹೋಗುವ ಗಂಟೆಗಾಗಿ ಕಾಯುವ ಮಕ್ಕಳು ಗಣಿತದಲ್ಲಿ ಬೆರಗಾದದ್ದನ್ನು ನಾನು ಕಂಡದ್ದು ಅಪರೂಪ, ಅದರಲ್ಲಿ ಇದೊಂದು.

ಕೊಡಗಿನಲ್ಲಿ ಆ ಹನ್ನೊಂದನೆಯ ಚುಕ್ಕಿ ಯಾವುದೆಂದು ಓದುಗರಿಗೆ ಗೊತ್ತಿದೆ. 2018ರ ಆಗಸ್ಟ್ ತಿಂಗಳ ಮಳೆಯನ್ನೂ, ಬೆಟ್ಟಗಳು ಜರಿದು ತೋಟಗಳೇ ಮಣ್ಣಿನಡಿ ಸೇರಿದ್ದನ್ನೂ ಯಾರೂ ಮರೆತಿಲ್ಲ. ಮಳೆ ಮತ್ತು ಫಸಲಿನ ಯಾವ ಚಿತ್ರದಲ್ಲೂ ಆ ವರ್ಷದ ಚುಕ್ಕಿ ಗುಂಪಿನಿಂದ ದೂರ, ಬಲಗಡೆಯ ತುದಿಯಲ್ಲಿ ಒಂಟಿಯಾಗಿ ನಿಲ್ಲುವ ಸಂಭವವಿದೆ. ಹಾಗೆ ನಿಂತ ಚುಕ್ಕಿ ಹೊಂದುವ ಗೆರೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದನ್ನು ಅಳಿಸಿಹಾಕಬೇಕೆಂದು ನಾನು ಹೇಳುವುದಿಲ್ಲ, ಏಕೆಂದರೆ ಅದು ನಡೆದ ಸಂಗತಿ. ಆ ಚುಕ್ಕಿಯ ಪಕ್ಕದಲ್ಲಿ ಇಸವಿಯನ್ನು ಬರೆದು, ಅದನ್ನು ಸೇರಿಸಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ಗುಣಾಂಕ ಎಷ್ಟು ಬರುತ್ತದೆ ಎಂದು ಎರಡೂ ಅಂಕಿಗಳನ್ನು ಕೊಟ್ಟರೆ ಸಾಕು. ಎರಡರ ನಡುವೆ ಬಹಳ ಅಂತರವಿದ್ದರೆ, ಬರಹ ಹೇಳುತ್ತಿರುವುದು ಮಳೆಯ ಸಾಮಾನ್ಯ ನಡೆಯನ್ನಲ್ಲ, ಒಂದು ದುರಂತದ ವರ್ಷವನ್ನು ಎಂದು ಓದುಗರೇ ಅರ್ಥಮಾಡಿಕೊಳ್ಳುತ್ತಾರೆ.

ಇನ್ನೊಂದು ಮಾತು, ಇದು ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಅರೇಬಿಕಾ ಮತ್ತು ರೊಬಸ್ಟಾ ತೋಟಗಳನ್ನು ಒಂದೇ ಬಣ್ಣದ ಚುಕ್ಕಿಗಳಲ್ಲಿ ಬೆರೆಸಬಾರದು. ತೋಟ ಇರುವ ಎತ್ತರವನ್ನು ಅಡ್ಡಕ್ಕೂ ಎಕರೆವಾರು ಇಳುವರಿಯನ್ನು ಲಂಬಕ್ಕೂ ಇಟ್ಟು ಜಿಲ್ಲೆಯ ಎಲ್ಲ ತೋಟಗಳನ್ನೂ ಒಂದೇ ಹಾಳೆಯಲ್ಲಿ ಗುರುತಿಸಿದರೆ, ಎತ್ತರ ಹೆಚ್ಚಿದಂತೆ ಇಳುವರಿ ಇಳಿಯುವ ಸೊಗಸಾದ ಇಳಿಜಾರು ಕಂಡೇ ಕಾಣುತ್ತದೆ. ಏಕೆಂದರೆ ತಗ್ಗಿನ ಕಡೆ ರೊಬಸ್ಟಾ ಹೆಚ್ಚು, ಎತ್ತರದ ಕಡೆ ಅರೇಬಿಕಾ ಹೆಚ್ಚು. ಎಕರೆಗೆ ರೊಬಸ್ಟಾ ಕೊಡುವಷ್ಟನ್ನು ಅರೇಬಿಕಾ ಸಾಮಾನ್ಯವಾಗಿ ಕೊಡುವುದಿಲ್ಲ. ಅರೇಬಿಕಾ ಚುಕ್ಕಿಗಳಿಗೆ ಕೆಂಪನ್ನೂ ರೊಬಸ್ಟಾಗೆ ಹಸಿರನ್ನೂ ಹಚ್ಚಿ ನೋಡಿ. ಆಗ ಕಾಣುವುದು ಎರಡು ಪ್ರತ್ಯೇಕ ಗುಂಪುಗಳು. ಕೆಂಪು ಗುಂಪಿನೊಳಗೆ ಆ ಇಳಿಜಾರು ಇಲ್ಲದಿರಬಹುದು, ಹಸಿರಿನೊಳಗೂ ಇಲ್ಲದಿರಬಹುದು. ಇಳಿಜಾರನ್ನು ಹುಟ್ಟಿಸಿದ್ದು ಎತ್ತರವೋ ತಳಿಯೋ ಎಂಬ ಪ್ರಶ್ನೆ ಬಣ್ಣ ಹಚ್ಚುವವರೆಗೆ ಮೂಡುವುದೇ ಇಲ್ಲ. ಸ್ಪ್ರಿಂಕ್ಲರ್ ಇರುವ ತೋಟ ಮತ್ತು ಇಲ್ಲದ ತೋಟಗಳ ವಿಷಯದಲ್ಲೂ ಹಾಗೆಯೇ. ಕೆರೆಯ ನೀರನ್ನು ಎತ್ತಿ ಹೂವು ಅರಳಿಸಿಕೊಳ್ಳುವವರ ಫಸಲು ಹೂಮಳೆಯ ಮರ್ಜಿಗೆ ಕಾಯುವುದಿಲ್ಲ. ಅವರ ಚುಕ್ಕಿಗಳನ್ನು ಆಕಾಶ ನೋಡುವ ಸಣ್ಣ ಬೆಳೆಗಾರರ ಚುಕ್ಕಿಗಳ ಜೊತೆ ಬೆರೆಸಿದರೆ, ಸಣ್ಣವರಿಗೆ ಮಳೆ ಕೈಕೊಟ್ಟದ್ದು ಚಿತ್ರದಲ್ಲಿ ಮಸುಕಾಗುತ್ತದೆ. ಪರಿಹಾರದ ಚರ್ಚೆ ನಡೆಯುವಾಗ ಇದು ಬರೀ ಗಣಿತದ ತಕರಾರಾಗಿ ಉಳಿಯುವುದಿಲ್ಲ.

ಅರೇಬಿಕಾ ಬೆಳೆಯುವವರಿಗೆ ಇನ್ನೊಂದು ಚುಕ್ಕಿ ಚಿತ್ರವನ್ನು ನಾನು ಬಹಳ ಸಲ ಶಿಫಾರಸು ಮಾಡಿದ್ದೇನೆ. ಅಡ್ಡಕ್ಕೆ ಕಳೆದ ವರ್ಷದ ಫಸಲು, ಲಂಬಕ್ಕೆ ಈ ವರ್ಷದ ಫಸಲು. ಮಳೆ, ಗೊಬ್ಬರ ಏನೂ ಬೇಡ. ಒಂದು ವರ್ಷ ಮೈತುಂಬ ಕಾಯಿ ಹೊತ್ತ ಗಿಡಕ್ಕೆ ಮುಂದಿನ ವರ್ಷ ಕಾಯಿ ಬಿಡಬೇಕಾದ ಹೊಸ ರೆಕ್ಕೆಗಳನ್ನು, ಅಂದರೆ ಅಡ್ಡರೆಂಬೆಗಳನ್ನು, ಬೆಳೆಸಲು ಶಕ್ತಿ ಉಳಿದಿರುವುದಿಲ್ಲ. ಹಾಗಾಗಿ ಅರೇಬಿಕಾ ಒಂದು ವರ್ಷ ಬಿಟ್ಟು ಒಂದು ವರ್ಷ ಎಂಬಂತೆ ನಡೆಯುತ್ತದೆ, ಚುಕ್ಕಿಗಳು ಇಳಿಜಾರು ಹಿಡಿಯುತ್ತವೆ. ಈ ಚಿತ್ರವನ್ನು ಮನೆಯ ಗೋಡೆಗೆ ಅಂಟಿಸಿಕೊಂಡ ಬೆಳೆಗಾರರು ಹೊಸ ಗೊಬ್ಬರ, ಹೊಸ ಸಿಂಪಡಣೆಗಳ ಮಾರಾಟಗಾರರ ಮಾತಿಗೆ ಬೇಗನೆ ಮರುಳಾಗುವುದಿಲ್ಲ ಎಂಬುದು ನನ್ನ ಅನುಭವ. ಬೆಳೆಗಾರ ಹೊಸದನ್ನು ಕೊಳ್ಳಲು ಮುಂದಾಗುವುದು ಫಸಲು ಸೋತ ವರ್ಷದಲ್ಲಿ. ಮರುವರ್ಷ ಏನೂ ಮಾಡದಿದ್ದರೂ ಏರಬಹುದಾಗಿದ್ದ ಫಸಲು ಏರುತ್ತದೆ, ಹೊಗಳಿಕೆ ಡಬ್ಬಿಯ ಪಾಲಾಗುತ್ತದೆ. ನಾನೇ ಒಮ್ಮೆ ಹೀಗೆ ದುಬಾರಿಯ ಡಬ್ಬಿಯೊಂದನ್ನು ತಂದು, ಮರುವರ್ಷ ನೆರೆಯವರಿಗೂ ಅದನ್ನೇ ತರಿಸಿಕೊಟ್ಟು, ಅದರ ಮುಂದಿನ ವರ್ಷ ಅವರ ಎದುರು ತಲೆ ತಗ್ಗಿಸಿದ್ದುಂಟು. ಗಣಿತದ ಮೇಷ್ಟ್ರಿಗೇ ಹೀಗಾದರೆ ಉಳಿದವರ ಗತಿಯೇನು ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಗಿಡದ ಈ ಗುಣವಿಲ್ಲದಿದ್ದರೂ ವಿಪರೀತದ ನಂತರ ಸಾಧಾರಣ ಬರುವುದು ಅಂಕಿಗಳ ಸ್ವಭಾವ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ ಬೆಳೆದ 928 ಮಕ್ಕಳ ಎತ್ತರಗಳನ್ನು ಜೋಡಿಸಿ ನೋಡಿದಾಗ, ಬಹಳ ಎತ್ತರದ ತಂದೆತಾಯಿಯರ ಮಕ್ಕಳು ಎತ್ತರವಾಗಿದ್ದರೂ ಸರಾಸರಿಯಲ್ಲಿ ಅವರಷ್ಟು ಎತ್ತರವಿರಲಿಲ್ಲ, ಬಹಳ ಗಿಡ್ಡವಾದವರ ಮಕ್ಕಳು ಅವರಷ್ಟು ಗಿಡ್ಡವೂ ಇರಲಿಲ್ಲ. ಎರಡು ಅಳತೆಗಳ ನಂಟನ್ನು ಅಳೆಯುವ ಇಂದಿನ ಶಾಸ್ತ್ರ ಹೊರಟದ್ದು ಬಹುಮಟ್ಟಿಗೆ ಅಲ್ಲಿಂದ. ನಂಟು ಪೂರ್ತಿ ಬಿಗಿಯಾಗಿಲ್ಲದ ಯಾವ ಚುಕ್ಕಿ ಚಿತ್ರದಲ್ಲೂ ಈ ಹಿಂದೆಳೆತ ಇದ್ದೇ ಇರುತ್ತದೆ.

"ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶಾಸ್ತ್ರದವರು ಅದನ್ನೇ ಕಾಕತಾಳೀಯ ಎಂದರು. ಸಹಸಂಬಂಧ ಕಂಡಾಕ್ಷಣ ಕಾರಣವೆಂದು ತಿಳಿಯಬಾರದು ಎನ್ನಲು ಎಲ್ಲರೂ ಈ ಗಾದೆಯನ್ನು ಬಳಸುತ್ತಾರೆ, ತಪ್ಪಲ್ಲ. ಆದರೆ ಗಾದೆಯಲ್ಲಿ ಇನ್ನೊಂದು ಪಾಠವೂ ಇದೆ. ನಮ್ಮ ನೆನಪಿನಲ್ಲಿ ಉಳಿಯುವುದು ಕಾಗೆ ಕೂತು ಟೊಂಗೆ ಮುರಿದ ದಿನ ಮಾತ್ರ. ಕಾಗೆ ಕೂತರೂ ಮುರಿಯದ ಸಾವಿರ ದಿನಗಳನ್ನು, ಕಾಗೆಯಿಲ್ಲದೆ ಮುರಿದ ದಿನಗಳನ್ನು ಯಾರೂ ಬರೆದಿಡುವುದಿಲ್ಲ. ಚುಕ್ಕಿ ಚಿತ್ರಕ್ಕೆ ಅವೆಲ್ಲವೂ ಬೇಕು.

ಅವನ್ನು ಬಿಟ್ಟಿದ್ದರಿಂದ ಎಂಥ ಅನಾಹುತವಾಗಬಹುದು ಎಂಬುದು ದಾಖಲಾಗಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಕೆಲವೇ ಕ್ಷಣಗಳಲ್ಲಿ ಸಿಡಿದು ಏಳು ಮಂದಿ ಸತ್ತರು. ಹಿಂದಿನ ರಾತ್ರಿ ಎಂಜಿನಿಯರುಗಳಲ್ಲಿ ಕೆಲವರು ಚಳಿಯಲ್ಲಿ ರಾಕೆಟ್ಟಿನ ಕೀಲುಗಳ ರಬ್ಬರ್ ಉಂಗುರಗಳು ಕೆಲಸ ಮಾಡಲಾರವು ಎಂದು ಆತಂಕ ಹೇಳಿದ್ದರು. ಆದರೆ ಅಂದು ಮುಂದಿಟ್ಟುಕೊಂಡದ್ದು ಉಂಗುರಕ್ಕೆ ಹಾನಿಯಾದ ಹಾರಾಟಗಳನ್ನು ಮಾತ್ರ. ಅಂಥವು ಏಳು, ಅವು ತಂಪಾದ ದಿನಗಳಲ್ಲೂ ಇದ್ದವು, ಬೆಚ್ಚಗಿನ ದಿನಗಳಲ್ಲೂ ಇದ್ದವು, ಹಾಗಾಗಿ ಉಷ್ಣತೆಗೂ ಹಾನಿಗೂ ನಂಟು ಕಾಣಲಿಲ್ಲ. ಆಮೇಲೆ ತನಿಖಾ ಆಯೋಗ ಹಾನಿಯಾಗದ ಹದಿನೇಳು ಹಾರಾಟಗಳನ್ನೂ ಸೇರಿಸಿ ಇಪ್ಪತ್ನಾಲ್ಕು ಚುಕ್ಕಿಗಳನ್ನು ಇಟ್ಟಾಗ ಚಿತ್ರ ಕಣ್ಣಿಗೆ ಹೊಡೆಯಿತು. 66 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲಿನ ಉಷ್ಣತೆಯಲ್ಲಿ ನಡೆದ ಇಪ್ಪತ್ತು ಹಾರಾಟಗಳಲ್ಲಿ ಮೂರಕ್ಕೆ ಹಾನಿ; 63 ಅಥವಾ ಕೆಳಗಿನ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ. ಚಾಲೆಂಜರ್ ಹಾರಿದ್ದು ನೀರು ಹೆಪ್ಪುಗಟ್ಟುವಂಥ ಚಳಿಯ ಬೆಳಿಗ್ಗೆ. ಕಾಡಾನೆ ದಾಳಿ, ಗುಡ್ಡ ಕುಸಿತ, ರಸ್ತೆ ಅಪಘಾತಗಳ ಬಗ್ಗೆ ನಾವು ಬರೆಯುವಾಗ, ನಡೆದ ಘಟನೆಗಳನ್ನು ಮಾತ್ರ ಪಟ್ಟಿ ಮಾಡಿ ಕಾರಣ ಹುಡುಕುವುದು ಇದೇ ಜಾತಿಯ ತಪ್ಪು. ಜಾರಿದ ಇಳಿಜಾರುಗಳ ಜೊತೆಗೆ, ಅಷ್ಟೇ ಮಳೆ ಬಿದ್ದೂ ಜಾರದ ಇಳಿಜಾರುಗಳ ಲೆಕ್ಕವಿಲ್ಲದೆ ಮಳೆಯನ್ನಾಗಲಿ, ಮಣ್ಣು ಕಡಿದದ್ದನ್ನಾಗಲಿ ದೂರಲು ಬರುವುದಿಲ್ಲ.

ಎಷ್ಟು ಚುಕ್ಕಿಗಳು ಬೇಕು ಎಂದು ತಮ್ಮ ವರದಿಗಾರರು ಕೇಳಬಹುದು. ಐದೇ ವರ್ಷಗಳ ಅಂಕಿ ಇದ್ದರೆ ಗುಣಾಂಕ 0.87 ಬಂದರೂ ಅದು ಬರೀ ಆಕಸ್ಮಿಕವಾಗಿ ಬಂದಿರಬಹುದು ಎಂಬ ಅನುಮಾನವನ್ನು ನೂರಕ್ಕೆ ಐದರ ವಾಡಿಕೆಯ ಮಿತಿಯಲ್ಲಿ ತಳ್ಳಿಹಾಕಲಾಗದು. ಆ ಅನುಮಾನ ಕಳೆಯಲು ಗುಣಾಂಕ ದಾಟಬೇಕಾದ ಗಡಿ ಹತ್ತು ಜೋಡಿಗಳಿಗೆ 0.63, ಮೂವತ್ತಕ್ಕೆ 0.36. ಪತ್ರಿಕೆಗಳಲ್ಲಿ ಬರುವ "ಕಳೆದ ಐದು ವರ್ಷಗಳ ಅಧ್ಯಯನ" ಎಂಬ ಸಾಲನ್ನು ಕಂಡಾಗಲೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ.

ಚುಕ್ಕಿ ಚಿತ್ರವೂ ಮೋಸ ಮಾಡದ ವಸ್ತುವೇನಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್, ಪರ್ಸಿ ಡಯಾಕೊನಿಸ್ ಮತ್ತು ರಾಬರ್ಟ್ ಮೆಕ್‌ಗಿಲ್ 1982ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಚುಕ್ಕಿಗಳನ್ನು ಚೌಕಟ್ಟಿನ ನಡುವೆ ಚಿಕ್ಕದಾಗಿ ಕೂರಿಸಿದರೆ ನೋಡುವವರಿಗೆ ನಂಟು ಹೆಚ್ಚು ಬಿಗಿಯಾಗಿ ತೋರುತ್ತದೆ ಎಂದು ಕಂಡುಬಂತು. ಅಕ್ಷಗಳ ತುದಿಗಳನ್ನು ಅಂಕಿಗಳ ತುದಿಗಳಿಗೆ ಹತ್ತಿರವಿಟ್ಟು ಬಿಡಿಸುವುದೇ ಇದಕ್ಕೆ ಮದ್ದು.

ಜಾಗವಿಲ್ಲ, ಸಾಮಾನ್ಯ ಓದುಗರಿಗೆ ಇದು ಅರ್ಥವಾಗದು ಎಂದು ತಾವು ಹೇಳಬಹುದು. ಚುಕ್ಕಿ ಚಿತ್ರ ಎರಡು ಗೆರೆಗಳ ಚಿತ್ರಕ್ಕಿಂತ ಹೆಚ್ಚು ಜಾಗ ಕೇಳುವುದಿಲ್ಲ. ಅರ್ಥದ ಮಾತಿಗೆ ಬಂದರೆ, ಪ್ರತಿದಿನ ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಬಿಡಿಸುವ ಮನೆಗಳಿಗೆ ಹೋಗುವ ಪತ್ರಿಕೆ ತಮ್ಮದು. ಸಂಖ್ಯಾಶಾಸ್ತ್ರದಲ್ಲಿ ಜಗತ್ತೇ ತಲೆಬಾಗಿದ, 2023ರಲ್ಲಿ ಆ ಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದು ಅದೇ ವರ್ಷ ತೀರಿಕೊಂಡ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಅವರ ಹೆಸರನ್ನು ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ಮಾತ್ರ ಉಳಿಸಿಕೊಂಡು, ಅವರ ಶಾಸ್ತ್ರದ ಮೊದಲ ಮೆಟ್ಟಿಲನ್ನು ಕನ್ನಡದ ಓದುಗರಿಗೆ ಕಷ್ಟವೆನ್ನುವುದು ನನಗೆ ಸರಿಕಾಣುವುದಿಲ್ಲ.

ಕೊನೆಗೆ ಒಂದು ಕೋರಿಕೆ. ಮಳೆಗಾಲದಲ್ಲಿ ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ, ಕುಶಾಲನಗರಗಳ ಹಿಂದಿನ 24 ಗಂಟೆಗಳ ಮಳೆಯನ್ನೂ, 2,859 ಅಡಿ ಗರಿಷ್ಠ ಮಟ್ಟದ ಹಾರಂಗಿ ಜಲಾಶಯದ ಅಂದಿನ ಮಟ್ಟ ಮತ್ತು ಒಳಹರಿವನ್ನೂ ತಾವು ದಿನವೂ ಅಚ್ಚುಹಾಕುತ್ತೀರಿ. ಆ ಅಂಕಿಗಳನ್ನು ನಮ್ಮಂಥ ಕೆಲವರು ಕತ್ತರಿಸಿ ಅಂಟಿಸಿಟ್ಟುಕೊಳ್ಳುತ್ತೇವೆ, ಉಳಿದವರು ಓದಿ ಮರೆಯುತ್ತಾರೆ. ಆಗಸ್ಟ್ ಕೊನೆಗೆ ಒಮ್ಮೆ, ಜಲಾನಯನ ಪ್ರದೇಶದ ಮಳೆಯನ್ನು ಅಡ್ಡಕ್ಕೂ ಮರುದಿನದ ಒಳಹರಿವನ್ನು ಲಂಬಕ್ಕೂ ಇಟ್ಟು, ಜೂನ್ ತಿಂಗಳ ಚುಕ್ಕಿಗಳನ್ನು ಒಂದು ಬಣ್ಣದಲ್ಲಿ, ಜುಲೈ ಮತ್ತು ಆಗಸ್ಟ್ ತಿಂಗಳಿನವನ್ನು ಬೇರೆ ಬಣ್ಣಗಳಲ್ಲಿ ಅಚ್ಚುಹಾಕಿ. ಒಣಗಿದ ಮಣ್ಣು ಜೂನ್ ಮಳೆಯನ್ನು ಹೀರಿಕೊಳ್ಳುವುದರಿಂದ ಆ ತಿಂಗಳ ಚುಕ್ಕಿಗಳು ಕೆಳಗಿರುತ್ತವೆ, ನೆಲ ತುಂಬಿದ ಮೇಲೆ ಅಷ್ಟೇ ಮಳೆಗೆ ಹೆಚ್ಚು ನೀರು ಹರಿದು ಚುಕ್ಕಿಗಳು ಮೇಲೇರುತ್ತವೆ ಎಂಬುದು ನನ್ನ ನಿರೀಕ್ಷೆ. ಅದು ತಪ್ಪಿದ್ದರೆ ತಮ್ಮ ಪುಟದಲ್ಲಿಯೇ ತಿಳಿಯುತ್ತದೆ. ನನ್ನ ಬಳಿ ಹಳೆಯ ಕತ್ತರಿಕೆಗಳ ಎರಡು ದಪ್ಪ ಪುಸ್ತಕಗಳಿವೆ. ತಮ್ಮ ವರದಿಗಾರರು ಬಂದರೆ ಅವನ್ನು ಕೊಡಲು, ಬಿಡಿಸುವುದರಲ್ಲಿ ಜೊತೆ ಕೂರಲು ಸಿದ್ಧನಿದ್ದೇನೆ. ಮಾರ್ಚ್ ತಿಂಗಳಲ್ಲಿ ಮಾತ್ರ ಬೇಡ. ಆಗ ನಾನು ಹೂಮಳೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ
ಸೋಮವಾರಪೇಟೆ ತಾಲ್ಲೂಕು, ಕೊಡಗು